ಸೋಹಂ, ದಾಸೋಹಂ ಮತ್ತು ಒಂದು ಬೀಸುಕಲ್ಲು

ಮೂರು ತಿಂಗಳ ಹಿಂದೆ ದಾವಣಗೆರೆಯ ಪಕ್ಕದ ಹಳ್ಳಿಯೊಂದರ ಗ್ರಂಥಾಲಯದಲ್ಲಿ ಶರಣರು ಮತ್ತು ಸೂಫಿಗಳ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿದ್ದೆ. ಮಾತಿನ ಸಾರ, ಎರಡೂ ಒಂದೇ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮನೆಗೆ ಬಂದು ಬುಟ್ಟಿ ಇಳಿಸುತ್ತಿದ್ದಾಗ ಅಕ್ಕ ಕೇಳಿದಳು: “ಎರಡೂ ಒಂದೇ ಆಗಿದ್ದರೆ ಎರಡು ಯಾಕೆ ಬೇಕಿತ್ತು ತಮ್ಮಾ?”

ನಾನು ಬ್ಯಾಂಕಿನಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಪುಸ್ತಕ ಹಿಡಿದವನು. ಅಕ್ಕ ಎಂಟನೆಯ ವಯಸ್ಸಿಗೆ ದೀಕ್ಷೆ ಪಡೆದು ಅರವತ್ತು ವರ್ಷ ಒಂದು ದಿನವೂ ಇಷ್ಟಲಿಂಗ ಪೂಜೆ ತಪ್ಪಿಸದವಳು. ಭಾಷಣಕ್ಕೆಂದು ಮಾಡಿಕೊಂಡಿದ್ದ ಟಿಪ್ಪಣಿಯಲ್ಲಿ ಅವಳ ಪ್ರಶ್ನೆಗೆ ಉತ್ತರವಿರಲಿಲ್ಲ. ಹೋಗಿ ನೋಡಿಯೇ ಬರೋಣ ಎಂದೆ. ಐದು ದಿನ ಸಾಕೆಂದು ಲೆಕ್ಕ ಹಾಕಿದೆ; ಬ್ಯಾಂಕಿನವರಿಗೆ ಲೆಕ್ಕ ಹಾಕುವುದೊಂದು ಚಟ.

ಮೊದಲ ದಿನ: ಕಲಬುರಗಿ

ರೈಲಿನಿಂದ ಇಳಿದಾಗ ಬೆಳಗಿನ ಆರೂವರೆ. ಡಿಸೆಂಬರಿನ ಕೊನೆ. ಬಿಸಿಲ ನಾಡು ಎಂದು ಎಲ್ಲರೂ ಹೆದರಿಸಿದ್ದರು, ಇಲ್ಲಿ ನೋಡಿದರೆ ಹಲ್ಲು ಕಟಕಟಿಸುವ ಚಳಿ. ಲಾಡ್ಜಿನಲ್ಲಿ ಅಕ್ಕ ಸ್ನಾನ ಮಾಡಿ, ವಿಭೂತಿ ಧರಿಸಿ, ಎಡಗೈಯ ಮೇಲೆ ಲಿಂಗವಿಟ್ಟುಕೊಂಡು ಕುಳಿತಳು. ಕಿಟಕಿಯ ಬೆಳಕು ಲಿಂಗದ ಕಪ್ಪು ಮೈಮೇಲೆ ಒಂದು ಚುಕ್ಕೆಯಾಗಿ ನಿಂತಿತ್ತು. ಅವಳ ಕಣ್ಣು ಆ ಚುಕ್ಕೆಯನ್ನು ಬಿಟ್ಟು ಅಲುಗಲಿಲ್ಲ. ಅರವತ್ತು ವರ್ಷದಿಂದ ನೋಡುತ್ತಿದ್ದರೂ, ಅವಳ ಉಸಿರು ಎಷ್ಟು ನಿಧಾನವಾಗುತ್ತದೆ ಎಂದು ನಾನು ಗಮನಿಸಿದ್ದು ಅಂದೇ.

ಹತ್ತು ಗಂಟೆಗೆ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಹೋದೆವು. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದ ಸಯ್ಯದ್ ಮುಹಮ್ಮದ್ ಹುಸೇನಿ ಇವರು. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟರು. ಆಗ ವಯಸ್ಸು ಎಪ್ಪತ್ತೇಳು. ನಾವು ಪಿಂಚಣಿ ಕಚೇರಿಗೆ ಹೋಗಲೂ ಹಿಂಜರಿಯುವ ವಯಸ್ಸು. ಫಿರೋಜ್ ಶಾ ಬಹಮನಿಯ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿ, 1422ರಲ್ಲಿ ಇಲ್ಲಿಯೇ ತೀರಿಕೊಂಡರು. ಗೇಸುದರಾಜ್, ಅಂದರೆ ನೀಳಕೇಶದವರು, ಎಂಬ ಹೆಸರಿನ ಹಿಂದೆ ಒಂದು ಕಥೆಯಿದೆ. ಗುರು ನಸೀರುದ್ದೀನ್ ಚಿರಾಗ್ ದೆಹಲಿಯವರ ಪಲ್ಲಕ್ಕಿ ಹೊತ್ತಾಗ ಇವರ ಕೂದಲು ಅದರಲ್ಲಿ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುವಿಗೆ ತೊಂದರೆಯಾದೀತೆಂದು ನೋವು ನುಂಗಿ ನಡೆದೇ ನಡೆದರಂತೆ.

ಹೆಂಗಸರು ಗೋರಿಯ ಕೋಣೆಯೊಳಗೆ ಹೋಗುವಂತಿಲ್ಲ. ಅಕ್ಕನ ಮುಖ ನೋಡಿ ನಾನು ಏನೋ ಸಮಾಧಾನ ಹೇಳಲು ಹೊರಟೆ. “ಗುಡಿಯ ಗರ್ಭಗೃಹಕ್ಕೆ ನಿನ್ನನ್ನೂ ಬಿಡುವುದಿಲ್ಲವಲ್ಲ, ನೀನು ಹೋಗಿ ಬಾ” ಎಂದು ಕಟ್ಟೆಯ ಮೇಲೆ ಕುಳಿತಳು. ಸಕ್ಕರೆ ಓದಿಸಿಕೊಂಡು, ತಲೆಯ ಮೇಲೆ ನವಿಲುಗರಿ ಆಡಿಸಿಕೊಂಡು ನಾನು ಹೊರಬಂದಾಗ ಅವಳು ಯಾರನ್ನೋ ನೋಡುತ್ತಿದ್ದಳು. ಗೋಡೆಗೊರಗಿ ಕುಳಿತ ಒಬ್ಬ ಮುದುಕರು. ಎಂಬತ್ತಾದರೂ ಆಗಿರಬೇಕು.

“ಅವರ ತುಟಿ ಆಡುತ್ತಿಲ್ಲ, ನೋಡು. ಉಸಿರು ಮಾತ್ರ ಲೆಕ್ಕದ ಮೇಲೆ ಹೋಗುತ್ತಿದೆ” ಎಂದಳು ಅಕ್ಕ. ಮುದುಕರು ಕಣ್ಣು ತೆರೆಯುವವರೆಗೆ ಕಾದು, ಎದ್ದು ಹೋಗಿ ಕೇಳಿಯೇಬಿಟ್ಟಳು. ನನಗೆ ಸಂಕೋಚ, ಅವರಿಗೆ ಏನೂ ಇರಲಿಲ್ಲ. “ಉಸಿರು ಹೊರಗೆ ಹೋಗುವಾಗ ‘ಲಾ ಇಲಾಹ’, ಒಳಗೆ ಬರುವಾಗ ‘ಇಲ್ಲಲ್ಲಾಹ’. ಇಷ್ಟೇ ತಂಗೆವ್ವಾ. ಬಾಯಿ ಬೇಡ, ಮಣಿಸರವೂ ಬೇಡ” ಎಂದರು. ಪಾಸ್-ಎ-ಅನ್ಫಾಸ್ ಎಂದು ನಾನು ಓದಿದ್ದೆ, ಉಸಿರನ್ನು ಕಾಯುವುದು. ಕಾಯುತ್ತಿರುವವರನ್ನು ಕಂಡಿರಲಿಲ್ಲ.

ಹಿಂದಿರುಗುವಾಗ ಆಟೊದಲ್ಲಿ ಅಕ್ಕ ಲೆಕ್ಕ ಬಿಡಿಸಿದಳು. ನಮ್ಮಲ್ಲಿಯೂ ಉಸಿರಿನ ಜಪವಿದೆ: ಒಳಗೆ ಹೋಗುವಾಗ ‘ಸೋ’, ಹೊರಗೆ ಬರುವಾಗ ‘ಹಂ’. ಅವನೇ ನಾನು. “ಆದರೆ ಅವರ ವಾಕ್ಯದಲ್ಲಿ ‘ನಾನು’ ಎಂಬ ಪದವೇ ಇಲ್ಲ, ಗಮನಿಸಿದೆಯಾ? ದೇವರಿಲ್ಲ ಎಂದು ಹೊರಗೆ ಬಿಟ್ಟು, ಅವನ ಹೊರತು ಎಂದು ಒಳಗೆ ತೆಗೆದುಕೊಳ್ಳುತ್ತಾರೆ. ನಾವು ನಾನು ಎಂಬುದನ್ನು ಇಟ್ಟುಕೊಂಡು ಅವನ ಜೊತೆ ಹೊಲಿಯುತ್ತೇವೆ. ಅವರು ಅದನ್ನು ಎತ್ತುವುದೇ ಇಲ್ಲ.” ಪ್ರಾಥಮಿಕ ಶಾಲೆಯಲ್ಲಿ ಮೂವತ್ತೈದು ವರ್ಷ ವ್ಯಾಕರಣ ಕಲಿಸಿದವಳು, ದೇವರ ವಿಷಯದಲ್ಲಿಯೂ ಮೊದಲು ಕರ್ತೃಪದ ಹುಡುಕುತ್ತಾಳೆ.

ಸಂಜೆ ಶರಣಬಸವೇಶ್ವರ ಗುಡಿ. ಅರಳಗುಂಡಗಿಯಿಂದ ಬಂದು ಈ ಊರಿನಲ್ಲಿ ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದ ಶರಣರ ಗದ್ದುಗೆ ಇಲ್ಲಿದೆ. ಪ್ರಸಾದ ಮುಗಿಸಿ ಅಪ್ಪನ ಕೆರೆಯ ಕಡೆಗೆ ನಡೆಯುವಾಗ ನನಗೊಂದು ಹೊಳೆಯಿತು. ‘ಸೋಹಂ’ ಎಂಬುದರ ಮುಂದೆ ಒಂದು ‘ದಾ’ ಸೇರಿಸಿದರೆ ‘ದಾಸೋಹಂ’, ದಾಸನು ನಾನು. ಸೋಹಂ ಎಂಬುದರಲ್ಲಿ ಗರ್ವದ ವಾಸನೆ ಕಂಡ ಶರಣರು ಈ ಒಂದಕ್ಷರದಿಂದ ಅದನ್ನು ತಿದ್ದಿದರು. ಬಂದೇನವಾಜ್ ಎಂಬ ಹೆಸರಿನ ಅರ್ಥವೇನು? ‘ಬಂದಾ’ ಎಂದರೆ ದಾಸ. ದಾಸರನ್ನು ಪೊರೆಯುವವರು.

ಇದು ಬರೀ ಹೆಸರಿನ ಹೋಲಿಕೆಯಲ್ಲ. ಆಂದಲೂಸಿಯಾದಲ್ಲಿ, ಅಂದರೆ ಈಗಿನ ಸ್ಪೇನಿನಲ್ಲಿ, ಹುಟ್ಟಿ 1240ರಲ್ಲಿ ದಮಾಸ್ಕಸಿನಲ್ಲಿ ತೀರಿಕೊಂಡ ಇಬ್ನ್ ಅರಬಿಯವರ ಚಿಂತನೆಯಿಂದ ‘ವಹ್ದತುಲ್ ವುಜೂದ್’, ಇರುವುದೊಂದೇ ಇರವು, ಎಂಬ ಸಿದ್ಧಾಂತ ಬೆಳೆದು ಸೂಫಿ ಲೋಕವನ್ನೆಲ್ಲ ಆವರಿಸಿತು. ಬಂದೇನವಾಜರು ಅದನ್ನು ಒಪ್ಪದೆ ಟೀಕಿಸಿದವರು. ದೇವರು ಎಲ್ಲದರ ಆಚೆಗೂ ಆಚೆ. ಪ್ರೇಮದಲ್ಲಿ ಎಷ್ಟು ಕರಗಿದರೂ ದಾಸ ದಾಸನೇ. ಹೀಗೆ ನೋಡಿದರೆ ಅವರ ಪಕ್ಕದಲ್ಲಿ ಕೂರಿಸಬೇಕಾದವರು ಅಲ್ಲಮಪ್ರಭುಗಳಲ್ಲ, ಮೋಕ್ಷದಲ್ಲಿಯೂ ಜೀವ ಬೇರೆ ದೇವರು ಬೇರೆ ಎಂದ ಮಧ್ವಾಚಾರ್ಯರು. ಇದನ್ನು ಭಾಷಣದಲ್ಲಿ ಹೇಳಿದ್ದರೆ ಬುಟ್ಟಿಯಲ್ಲಿ ಹಣ್ಣು ಕಡಿಮೆಯಾಗುತ್ತಿತ್ತೋ ಏನೋ.

ಎರಡನೆಯ ದಿನ: ಬಸವಕಲ್ಯಾಣದ ದಾರಿ

ಎಳ್ಳಮಾವಾಸ್ಯೆ ಎಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಬಸ್ ನಿಲ್ದಾಣದಲ್ಲಿ ಬಸ್ಸುಗಳೂ ಕಡಿಮೆ, ಜನರೂ ಕಡಿಮೆ. ಊರಿಗೆ ಊರೇ ಹೊಲಕ್ಕೆ ಹೋಗಿತ್ತು. ಸಿಕ್ಕ ಜೀಪೊಂದರಲ್ಲಿ ಅರ್ಧ ದಾರಿ ಬಂದೆವು. ಚಾಲಕನಿಗೂ ಹಬ್ಬವಲ್ಲವೇ? ತನ್ನ ಹೊಲದ ಬಳಿ ಜೀಪು ನಿಲ್ಲಿಸಿ, “ಉಂಡು ಹೋಗೋಣ ಬನ್ನಿ” ಎಂದ. ಜೋಳದ ದಂಟಿನ ಗೂಡಿನೊಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿದ್ದರು. ಮನೆಯ ಹಿರಿಯ ಹೊಲಕ್ಕೆಲ್ಲ ಚರಗದ ಎಡೆ ಚೆಲ್ಲಿ ಬಂದ ಮೇಲೆ ಎಲ್ಲರಿಗೂ ಸಜ್ಜೆ ರೊಟ್ಟಿ, ಬಜ್ಜಿ, ಶೇಂಗಾ ಹೋಳಿಗೆ. ಬಜ್ಜಿ ಎಂದರೆ ನಮ್ಮ ಕಡೆಯ ಎಣ್ಣೆಯ ಬಜ್ಜಿಯಲ್ಲ. ಕಾಳು, ಸೊಪ್ಪು, ತರಕಾರಿ ಎಲ್ಲ ಒಟ್ಟಿಗೆ ಬೆಂದ ಪಲ್ಯ. ಪಕ್ಕದ ಹೊಲದ ಮುಸ್ಲಿಂ ಕುಟುಂಬವೂ ಅದೇ ಸಾಲಿನಲ್ಲಿ ಉಣ್ಣುತ್ತಿತ್ತು. ಇದನ್ನು ಕಂಡು ನಾನು ಭಾವುಕನಾಗುತ್ತಿದ್ದುದನ್ನು ಅಕ್ಕ ಗಮನಿಸಿ, “ಹಸಿದವರು ಉಣ್ಣುತ್ತಿದ್ದಾರೆ, ನಿನ್ನ ಭಾಷಣಕ್ಕೆಂದು ಕುಳಿತಿಲ್ಲ” ಎಂದಳು.

ಬಸವಕಲ್ಯಾಣ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. 108 ಅಡಿಯ ಬಸವಣ್ಣನ ಮೂರ್ತಿಯನ್ನು ನಾವು ದೂರದಿಂದಲೇ ನೋಡಿದೆವು. ಅದಕ್ಕಿಂತ ಹೆಚ್ಚು ಹೊತ್ತು ತ್ರಿಪುರಾಂತಕ ಕೆರೆಯ ದಂಡೆಯಲ್ಲಿ ಕಳೆಯಿತು. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ಇಲ್ಲಿ ದಾಸೋಹಂ ಎಂದರು. ಶೂನ್ಯ ಸಿಂಹಾಸನದಲ್ಲಿ ಕುಳಿತ ಅಲ್ಲಮರು ಬಯಲನ್ನು, ಎಲ್ಲವೂ ಕರಗುವ ಶೂನ್ಯವನ್ನು, ತೋರಿಸಿದರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ: ಆರು ಸ್ಥಲಗಳ ಈ ದಾರಿಯಲ್ಲಿ ಆರಂಭದ ಮೆಟ್ಟಿಲು ದಾಸನದು, ಕೊನೆಯದರಲ್ಲಿ ದಾಸನೂ ಇಲ್ಲ ಒಡೆಯನೂ ಇಲ್ಲ. ನಿನ್ನೆ ಕಲಬುರಗಿಯಲ್ಲಿ ಕಂಡ ಸೋಹಂ-ದಾಸೋಹಂ ಜಗಳ, ಇಲ್ಲಿ ಒಂದೇ ಮನೆಯ ಹೊಸ್ತಿಲಿಂದ ಹಿತ್ತಲವರೆಗೆ ಹಾಸಿಕೊಂಡಿತ್ತು.

ರಾತ್ರಿ ಬೀದರ್.

ಮೂರನೆಯ ದಿನ: ಅಷ್ಟೂರು

ಇಡೀ ಪ್ರವಾಸದಲ್ಲಿ ನಾನು ಮತ್ತೆ ಹೋಗಬೇಕೆಂದುಕೊಂಡಿರುವುದು ಈ ಜಾಗಕ್ಕೆ ಮಾತ್ರ.

ಬೀದರಿನಿಂದ ಅಷ್ಟೂರಿಗೆ ಹೋಗುವ ದಾರಿಯಲ್ಲಿ ಮೊದಲು ಸಿಗುವುದು ಚೌಖಂಡಿ, ಖಲೀಲುಲ್ಲಾ ಅವರ ಗೋರಿಯಿರುವ ಎಂಟು ಮೂಲೆಯ ಕಟ್ಟಡ. ಬಾಗಿಲ ಮೇಲೆ ಕಪ್ಪು ಕಲ್ಲಿನಲ್ಲಿ ಕಡೆದ ಅಕ್ಷರಗಳು ಬಳ್ಳಿಯಂತೆ ಹರಿದಿವೆ. ಇವರ ತಂದೆ ಇರಾನಿನ ಕಿರ್ಮಾನದ ಶಾ ನೇಮತುಲ್ಲಾ ವಲಿ, 1431ರಲ್ಲಿ ತೀರಿಕೊಂಡವರು. ಬಂದೇನವಾಜರು ಯಾವ ಇಬ್ನ್ ಅರಬಿಯವರನ್ನು ಒಪ್ಪಲಿಲ್ಲವೋ, ನೇಮತುಲ್ಲಾ ಅದೇ ಇಬ್ನ್ ಅರಬಿಯವರ ಕೃತಿಗೆ ವ್ಯಾಖ್ಯಾನ ಬರೆದವರು. ಬಹಮನಿ ಸುಲ್ತಾನ ಅಹಮದ್ ಶಾ ಗದ್ದುಗೆಯೇರಿದ್ದು 1422ರಲ್ಲಿ, ಬಂದೇನವಾಜರ ಆಶೀರ್ವಾದದಿಂದ ಎಂದು ಪ್ರತೀತಿ. ಅದೇ ವರ್ಷ ಅವರು ತೀರಿಕೊಂಡರು. ಸುಲ್ತಾನ ರಾಜಧಾನಿಯನ್ನು ಬೀದರಿಗೆ ತಂದ, ಕಿರ್ಮಾನಕ್ಕೆ ಆಹ್ವಾನ ಕಳುಹಿಸಿದ. ನೇಮತುಲ್ಲಾ ತಾವು ಬರಲಿಲ್ಲ. ಮೊದಲು ಮೊಮ್ಮಗ ಬಂದ, ತಂದೆಯ ಕಾಲಾನಂತರ ಮಗ ಖಲೀಲುಲ್ಲಾ ಬಂದರು. ರಾಜಧಾನಿಯ ಜೊತೆಗೆ ಅರಸನ ದರ್ಶನವೂ ಊರು ಬದಲಿಸಿತು: ದಾಸೋಹಂನಿಂದ ಸೋಹಂಗೆ.

ಅಷ್ಟೂರಿನಲ್ಲಿ ಬಹಮನಿ ಅರಸರ ಗುಮ್ಮಟಗಳು ಹೊಲಗಳ ನಡುವೆ ಸಾಲಾಗಿ ನಿಂತಿವೆ. ‘ಜಾಲಿಮ್’ ಎಂದು ಹೆಸರು ಪಡೆದ ಹುಮಾಯೂನನ ಗೋರಿ ಸಿಡಿಲು ಬಡಿದು ಸೀಳಿಹೋಗಿದೆ. ಅರ್ಧ ಗುಮ್ಮಟ ಉಳಿದು, ಅದು ಹೇಗೆ ಕಟ್ಟಿದ್ದೆಂಬುದು ಕಲಾಯಿಯ ಕೆಳಗಿನ ತಾಮ್ರದಂತೆ ಕಾಣುತ್ತದೆ. ಕ್ರೂರಿಗೆ ತಕ್ಕ ಶಾಸ್ತಿ ಎಂದು ಜನ ಹೇಳುತ್ತಾರೆ. ಸಿಡಿಲಿಗೆ ಅಷ್ಟು ಇತಿಹಾಸ ಗೊತ್ತಿರಲಾರದು.

1436ರಲ್ಲಿ ತೀರಿಕೊಂಡ ಅಹಮದ್ ಶಾನ ಗೋರಿಯೊಳಗೆ ಕಾಲಿಟ್ಟಾಗ ಏನೂ ಕಾಣಲಿಲ್ಲ. ಲೋಬಾನದ ವಾಸನೆ, ತಂಪು, ಕತ್ತಲೆ. ಗೋರಿಯ ಸೇವೆ ಮಾಡುವವರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದರು. ಬೆಳಕಿನ ತುಂಡೊಂದು ಗೋಡೆ ಹತ್ತಿ ಗುಮ್ಮಟದ ಒಳಮೈಗೆ ಹೋಯಿತು. ಹೋದಲ್ಲೆಲ್ಲ ಬಂಗಾರ, ಕುಂಕುಮದ ಕೆಂಪು, ನೀಲಿ. ಬಣ್ಣದ ನಡುವೆ ಪರ್ಸಿಯನ್ ಅಕ್ಷರ. ನೇಮತುಲ್ಲಾರ ಪದ್ಯಗಳನ್ನೇ ಈ ಗೋಡೆಗಳ ಮೇಲೆ ಬರೆಸಲಾಗಿದೆ. ಕನ್ನಡಿ ಸರಿದರೆ ಮತ್ತೆ ಕತ್ತಲೆ. ಅಕ್ಕನ ಪೂಜೆಯ ಬೆಳಕಿನ ಚುಕ್ಕೆ ನೆನಪಾಯಿತು, ಆದರೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಎರಡೂ ಒಂದೇ ಎಂದು ಶುರುಮಾಡಿದೆಯಾ ಎಂದು ಕೇಳುತ್ತಾಳೆ.

ಹೊರಗೆ ಕಟ್ಟೆಯ ಮೇಲೆ ಕುಳಿತಾಗ ನೇಮತುಲ್ಲಾರ ಕಾವ್ಯದಲ್ಲಿ ಮತ್ತೆ ಮತ್ತೆ ಬರುವ ಕಡಲು ಮತ್ತು ಅಲೆಯ ಚಿತ್ರದ ಬಗ್ಗೆ ಅವಳಿಗೆ ಹೇಳಿದೆ. ಅಲೆ, ಹನಿ, ಗುಳ್ಳೆ ಎಂದು ಹೆಸರು ಬೇರೆ, ನೀರು ಒಂದೇ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಮ್ಮವರು ಉರಿ ಮತ್ತು ಕರ್ಪೂರ ಎನ್ನುತ್ತಾರೆ. ಅದು ಬೇರೆ. ಅಲೆ ಮೊದಲಿಂದಲೂ ನೀರೇ. ಅದಕ್ಕೆ ಮಾಡಲು ಕೆಲಸವಿಲ್ಲ, ತಿಳಿದರೆ ಸಾಕು. ಕರ್ಪೂರ ಉರಿಯನ್ನು ಮುಟ್ಟಬೇಕು. ಮುಟ್ಟುವವರೆಗೆ ಅದು ಬಿಳಿ ಗಟ್ಟಿಯೇ.”

“ಸೂಫಿಗಳಲ್ಲಿಯೂ ದೀಪದ ಹುಳುವಿದೆಯಲ್ಲ ಅಕ್ಕಾ” ಎಂದೆ. ದೀಪದ ಬೆಳಕು ಕಂಡದ್ದು ಒಂದು, ಬಿಸಿ ತಾಗಿದ್ದು ಇನ್ನೊಂದು, ಹಾರಿ ಬಿದ್ದು ಉರಿದದ್ದು ಮತ್ತೊಂದು. ಮೂರನೆಯದು ಹಿಂದಿರುಗಿ ಬಂದು ಸುದ್ದಿ ಹೇಳುವುದಿಲ್ಲ. 922ರಲ್ಲಿ ಬಗ್ದಾದಿನಲ್ಲಿ ‘ಅನಲ್ ಹಕ್’, ನಾನೇ ಸತ್ಯ, ಎಂದದ್ದಕ್ಕಾಗಿ ಕೊಲೆಯಾದರೆಂದು ಲೋಕ ನೆನೆಯುವ ಹಲ್ಲಾಜರು ಬಳಸಿದ ಚಿತ್ರವದು. ಇದಕ್ಕೆ ಫನಾ ಎನ್ನುತ್ತಾರೆ, ಅಳಿಯುವುದು. ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಅದರ ಮುಂದೆ ಬಖಾ ಇದೆ, ಉಳಿಯುವುದು. ಅಳಿದವನು ದೇವರಲ್ಲಿ ಉಳಿದು ಮತ್ತೆ ಸಂತೆಗೆ ಬರಬೇಕು, ಐದು ಹೊತ್ತಿನ ನಮಾಜು ಮಾಡಬೇಕು, ಹಸಿದವರಿಗೆ ಉಣಿಸಬೇಕು.

“ಕರ್ಪೂರಕ್ಕೆ ಬೂದಿಯೂ ಇಲ್ಲ” ಎಂದಳು ಅಕ್ಕ. ಹೊಗಳಿದಳೋ ದೂರಿದಳೋ ತಿಳಿಯಲಿಲ್ಲ.

ಅಷ್ಟರಲ್ಲಿ ಕನ್ನಡಿ ಹಿಡಿದಿದ್ದವರು ಬಂದು ಜಾತ್ರೆಯ ಕಥೆ ಹೇಳಿದರು. ಇಲ್ಲಿಯ ಉರುಸು ಹಿಜರಿ ತಿಂಗಳಿಗೆ ನಡೆಯುವುದಿಲ್ಲ, ನಮ್ಮ ಪಂಚಾಂಗಕ್ಕೆ ನಡೆಯುತ್ತದೆ, ಹೋಳಿ ಹುಣ್ಣಿಮೆಯ ನಂತರ. ಆಳಂದದ ಕಡೆಯ ಮಾಡಿಯಾಳದಿಂದ ಜಂಗಮರು ಪರಿವಾರ ಕಟ್ಟಿಕೊಂಡು ನಡೆದು ಬರುತ್ತಾರೆ. ಶಂಖ ಊದಿ, ತೆಂಗಿನಕಾಯಿ ಒಡೆದು ಪೂಜೆ ಸಲ್ಲಿಸುತ್ತಾರೆ. ಸುತ್ತಲಿನ ಹಿಂದೂಗಳಿಗೆ ಒಳಗೆ ಮಲಗಿರುವವರು ಅಲ್ಲಮಪ್ರಭು, ಮುಸ್ಲಿಮರಿಗೆ ವಲಿ, ಅಂದರೆ ಸಂತ. “ನಿಮಗೆ?” ಎಂದು ಅಕ್ಕ ಕೇಳಿದಳು. “ನಮ್ಮದು ಗುಡಿಸುವ ಕೆಲಸ ಅಮ್ಮಾ” ಎಂದು ನಕ್ಕರು.

ನನಗೆ ಕುತೂಹಲ ಹುಟ್ಟಿಸುವುದು ಬೇರೆ. ಬಂದೇನವಾಜರನ್ನು ಯಾರೂ ಅಲ್ಲಮ ಎನ್ನಲಿಲ್ಲ. ಕಡಲು ಮತ್ತು ಅಲೆಯ ಕವಿಯ ಪದ್ಯಗಳನ್ನು ತಲೆಯ ಮೇಲೆ ಹೊತ್ತು ಮಲಗಿದ ಅರಸನನ್ನು ಎಂದರು. ಆ ಪರ್ಸಿಯನ್ ಅಕ್ಷರವನ್ನು ಹೊಲದ ಜನ ಓದಿರಲು ಸಾಧ್ಯವಿಲ್ಲ. ಆದರೂ ಎಣಿಕೆ ತಪ್ಪಲಿಲ್ಲ. ಗಡಿ ಇರುವುದು ಗುಡಿಗೂ ದರ್ಗಾಕ್ಕೂ ನಡುವೆ ಎಂದು ನಾನು ತಿಳಿದಿದ್ದೆ. ಅದು ದರ್ಗಾದೊಳಗೂ ಇತ್ತು, ಗುಡಿಯೊಳಗೂ ಇತ್ತು.

ನಾಲ್ಕನೆಯ ದಿನ: ತಿಂಥಣಿ

ರೈಲಿನಲ್ಲಿ ಕಲಬುರಗಿಗೆ ಮರಳಿ, ಅಲ್ಲಿಂದ ಸುರಪುರ, ಅಲ್ಲಿಂದ ಕೃಷ್ಣೆಯ ದಂಡೆಯ ತಿಂಥಣಿ. ದಿನವೆಲ್ಲ ಚಕ್ರದ ಮೇಲೆಯೇ ಕಳೆಯಿತು. ದಾರಿಯಲ್ಲಿ ನನ್ನ ಕನ್ನಡಕ ಕೆಳಗೆ ಬಿದ್ದು ಒಂದು ಗಾಜು ಒಡೆಯಿತು. ಮೌನೇಶ್ವರರ ಗುಡಿಯ ಕಮಾನುಗಳನ್ನು ಒಂದು ಕಣ್ಣಿನಿಂದ ನೋಡಿದೆ. ವಿಶ್ವಕರ್ಮ ಕುಲದ ಈ ಯೋಗಿಗೆ ಭಕ್ತರು ಮೋನಪ್ಪಯ್ಯ ಎನ್ನುತ್ತಾರೆ, ಮೌನುದ್ದೀನ್ ಎಂದೂ ಎನ್ನುತ್ತಾರೆ. ಜಯಘೋಷದಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಪೀರರು ಬರುತ್ತಾರೆ. ನದಿಯಲ್ಲಿ ನೀರು ತೆಳ್ಳಗಿತ್ತು. ಅಕ್ಕ ಬಂಡೆಯ ಮೇಲೆ ಕುಳಿತು ಕಾಲು ಇಳಿಬಿಟ್ಟಳು. ನಾವಿಬ್ಬರೂ ಏನೂ ಮಾತನಾಡಲಿಲ್ಲ. ಮೌನೇಶ್ವರರ ಊರಿನಲ್ಲಿ ಅದು ತಪ್ಪೂ ಅಲ್ಲ.

ಐದನೆಯ ದಿನ: ವಿಜಯಪುರ

“ಖಾಲಿ ಇದೆ, ಖಾಲಿ ಇದೆ” ಎಂದು ಕೂಗಿ ಹತ್ತಿಸಿಕೊಂಡ ಬಸ್ಸಿನಲ್ಲಿ ನಿಂತುಕೊಂಡೇ ತಾಳಿಕೋಟೆ ದಾಟಿದೆವು. ಈ ಪದ ಮುಂದೆ ಬರುತ್ತದೆ, ಆದ್ದರಿಂದ ಹೇಳಿದೆ.

ಗೋಲಗುಮ್ಮಟದಲ್ಲಿ ಶಾಲಾ ಮಕ್ಕಳು ಕೂಗಿಕೊಳ್ಳುತ್ತಿದ್ದರು. ಅರ್ಧ ಗಂಟೆಯಲ್ಲಿ ಹೊರಬಂದು ಇಬ್ರಾಹಿಂ ರೋಜಾಕ್ಕೆ ಹೋದೆವು. ಸರಸ್ವತಿಯನ್ನೂ ಗಣಪತಿಯನ್ನೂ ಬಂದೇನವಾಜರನ್ನೂ ಒಂದೇ ಕೃತಿಯಲ್ಲಿ, ರಾಗಗಳಿಗೆ ಕಟ್ಟಿ ಹಾಡಿದ ಎರಡನೆಯ ಇಬ್ರಾಹಿಂ ಆದಿಲ್ ಶಾ ಇಲ್ಲಿದ್ದಾನೆ. ಜಗದ್ಗುರು ಬಾದಶಹ ಎಂದು ಹೆಸರಾದವನು. ಅವನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಬೇಕಿದ್ದುದು ಊರಾಚೆಯ ಶಹಾಪುರ ದಿಬ್ಬ.

ಅಲ್ಲಿ ಚಿಶ್ತಿ ಪಂಥದ ಮೂರು ತಲೆಮಾರಿನ ಸೂಫಿಗಳು ಬಾಳಿದರು: ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ. ಅಮೀನರು ತೀರಿಕೊಂಡದ್ದು 1675ರಲ್ಲಿ. ಪರ್ಸಿಯನ್ ಬಲ್ಲವರಿಗಷ್ಟೇ ಅಲ್ಲದೆ ಮನೆಮಂದಿಗೂ ತಿಳಿಯಲೆಂದು ದಖನಿಯಲ್ಲಿ, ಈ ಸೀಮೆಯ ಆಡುಮಾತಿನ ಉರ್ದುವಿನಲ್ಲಿ, ಬರೆದ ಮನೆತನ ಇದು. ಅರಬ್ಬರು ಗ್ರೀಕರಿಂದ ಪಡೆದ ಮೂಲವಸ್ತುಗಳು ನಾಲ್ಕು: ಮಣ್ಣು, ನೀರು, ಗಾಳಿ, ಬೆಂಕಿ. ಈ ದಿಬ್ಬದವರು ಐದನೆಯದನ್ನು ಸೇರಿಸಿದರು. ಒಂದೊಂದಕ್ಕೂ ಐದೈದು ಗುಣ, ಒಟ್ಟು ಇಪ್ಪತ್ತೈದು. ಐದನೆಯದಕ್ಕೆ ಅವರು ಕೊಟ್ಟ ಹೆಸರು ‘ಖಾಲಿ’.

“ಬಯಲು” ಎಂದಳು ಅಕ್ಕ, ತಡಮಾಡದೆ.

ಪಂಚಭೂತ, ಇಪ್ಪತ್ತೈದು ತತ್ತ್ವ ಎಂಬ ಲೆಕ್ಕ ನಮ್ಮ ಮಠಗಳಲ್ಲಿ ಹುಡುಗರು ಬಾಯಿಪಾಠ ಮಾಡುವಂಥದ್ದು. ಈ ಸೂಫಿಗಳು ಅದನ್ನು ಕೇಳಿಸಿಕೊಂಡಿದ್ದರು. ಆದರೆ ಹಾಗೆಯೇ ಎತ್ತಿಕೊಳ್ಳಲಿಲ್ಲ. ಆಕಾಶವನ್ನು ತೆಗೆದುಕೊಂಡರು, ಅವತಾರವನ್ನು ಬಿಟ್ಟರು. ಸಾಲ ಕೊಟ್ಟವರಿಗೂ ಪಡೆದವರಿಗೂ ಖಾತೆ ಬೇರೆ ಬೇರೆಯೇ ಇತ್ತು. ಇಷ್ಟು ನನಗೆ ನನ್ನ ನೌಕರಿಯಿಂದ ಅರ್ಥವಾಗುತ್ತದೆ.

ಅಮೀನ್ ದರ್ಗಾದ ಬಿಳಿ ಗುಮ್ಮಟದ ನೆರಳಿನಲ್ಲಿ ಕುಳಿತು ಅಕ್ಕನಿಗೆ ಚಕ್ಕಿನಾಮಾಗಳ ಬಗ್ಗೆ ಹೇಳಿದೆ. ಈ ಸೂಫಿಗಳ ಪರಂಪರೆಯಲ್ಲಿ ಹುಟ್ಟಿದ ದಖನಿ ಹಾಡುಗಳು, ಹೆಂಗಸರು ಬೀಸುವಾಗ ಹಾಡಿಕೊಳ್ಳುತ್ತಿದ್ದವು. ಈ ಮೈಯೇ ಒಂದು ಬೀಸುಕಲ್ಲು. ನೆಟ್ಟಗೆ ನಿಂತ ಗೂಟ ಅರಬ್ಬಿಯ ಮೊದಲ ಅಕ್ಷರ ಅಲಿಫ್, ಅಂದರೆ ಅಲ್ಲಾಹ. ನಡುವಿನ ಕೀಲು ಮುಹಮ್ಮದರು. ಕಾಳು ಹಾಕುತ್ತ ತಿರುಗಿಸುತ್ತ ಅವನ ಹೆಸರು.

ಅಕ್ಕ ತಕ್ಷಣ ಏನೂ ಹೇಳಲಿಲ್ಲ. ಬಲಗೈಯನ್ನು ಮುಷ್ಟಿ ಮಾಡಿ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದಳು, ಮತ್ತೊಂದು ಸುತ್ತು. “ಅಜ್ಜಿ ಬೀಸುತ್ತಿದ್ದಳಲ್ಲ, ನಿನಗೆ ನೆನಪಿರಲಾರದು, ನೀನು ಸಣ್ಣವನು. ಮೊದಲು ಕಲ್ಲಿಗೆ ಕೈಮುಗಿದು ಪದ ಎತ್ತುತ್ತಿದ್ದಳು. ಗೂಟ ಹಿಡಿಯುವಾಗ ನನ್ನ ಕೈಯನ್ನು ಕೆಳಗಿಟ್ಟು ಅವಳ ಕೈಯನ್ನು ಮೇಲಿಡುತ್ತಿದ್ದಳು. ಎಳೆಯುತ್ತಿದ್ದವಳು ನಾನಾ, ಅವಳಾ ಎಂದು ಗೊತ್ತಾಗುತ್ತಿರಲಿಲ್ಲ.”

“ಇದು ಸೋಹಂ ಆಯಿತೋ ದಾಸೋಹಂ ಆಯಿತೋ?” ಎಂದೆ.

“ಹಿಟ್ಟಾಯಿತು” ಎಂದಳು.

ರಾತ್ರಿಯ ಬಸ್ಸಿಗೆ ಕಾಯುವಾಗ ಅವಳು ನನ್ನ ಮೊಬೈಲ್ ಕೇಳಿ ಮನೆಗೆ ಫೋನ್ ಮಾಡಿದಳು. ಕ್ಷೇಮ ಸಮಾಚಾರ ಹೇಳಬಹುದೆಂದುಕೊಂಡೆ. ಹಿತ್ತಿಲಲ್ಲಿ ಬೀಸುಕಲ್ಲಿನ ಮೇಲಿಟ್ಟಿರುವ ದಾಸವಾಳದ ಕುಂಡವನ್ನು ಎತ್ತಿ ಕೆಳಗಿಡಬೇಕು, ಕೀಲು ಎಲ್ಲಿ ಹೋಗಿದೆಯೆಂದು ಅಟ್ಟದ ಮೇಲೆ ಹುಡುಕಬೇಕು ಎಂದು ನನ್ನ ಹೆಂಡತಿಗೆ ಎರಡೆರಡು ಸಲ ಹೇಳುತ್ತಿದ್ದಳು.